ಹಿಡಿ ಬಿಚ್ಚದೆ ಆಡಿದ ಮಾತು

ಸಕಲೇಶಪುರದ ಒಂದು ಕೋವಿ ಅಂಗಡಿಯಲ್ಲಿ ಹದಿನಾರು ವರ್ಷ ಕೆಲಸ ಮಾಡಿ ಹೋದ ವರ್ಷ ಬಿಟ್ಟೆ. ಎಸ್ಟೇಟಿನವರ ಪರವಾನಗಿ ಕೋವಿಗಳನ್ನು ರಿಪೇರಿ ಮಾಡುವುದು ಅಂಗಡಿಯ ಕಸುಬು. ನಾನು ಕೋವಿ ಮುಟ್ಟಿದವಳಲ್ಲ. ಒಳಕೋಣೆಯ ಮೇಜಿಗೆ ಬರುತ್ತಿದ್ದ ಸೈನ್ಯದ ಹಳೆಯ ಕತ್ತಿಗಳನ್ನು, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಬಯೊನೆಟ್ಟು, ಬಾಗಿದ ಅಲಗಿನ ಕುಕ್ರಿ, ಬಾಕುಗಳನ್ನು ನೋಡಿ, ಇದು ಕಾರ್ಖಾನೆಯಿಂದ ಬಂದ ಹಾಗೆಯೇ ಇದೆ, ಇದನ್ನು ಆಮೇಲೆ ಯಾರೋ ತಿದ್ದಿದ್ದಾರೆ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಈಗ ಆ ಮೇಜಿಗೆ ಇಬ್ಬರು ಹೊಸಬರು ಬಂದಿದ್ದಾರೆ. ನೀವು ಕಲಿತದ್ದನ್ನು ಬರೆದುಕೊಡಿ ಎಂದು ಕೇಳಿದರು. ಯಾವ ದೇಶದ ಕತ್ತಿಗೆ ಯಾವ ಮುದ್ರೆ ಎನ್ನುವುದು ಅವರಿಗೆ ಫೋನಿನಲ್ಲೇ ಸಿಗುತ್ತದೆ. ಈ ಕೆಲಸದಲ್ಲಿ ನಾನು ಎಷ್ಟು ಹೆದರಿದೆ, ಎಲ್ಲಿ ಹೆದರಬೇಕಿತ್ತೋ ಅಲ್ಲಿ ಹೇಗೆ ಹೆದರದೆ ಹೋದೆ ಎನ್ನುವುದು ಫೋನಿನಲ್ಲಿ ಸಿಗುವುದಿಲ್ಲ. ಅದನ್ನೇ ಬರೆಯುತ್ತೇನೆ.

ನನ್ನ ಊರು ಆಲೂರು ತಾಲ್ಲೂಕಿನ ಕೆ. ಹೊಸಕೋಟೆ. ಮನೆಯವರಿಗೆ ಸ್ವಲ್ಪ ಕಾಫಿ ತೋಟವಿದೆ. ಅಂಗಡಿಗೆ ಸೇರಿದ್ದು ಬಿಲ್ಲು ಬರೆಯಲು. ಯಜಮಾನರಾದ ಶಾಂತಪ್ಪನವರಿಗೆ ಸೈನ್ಯದ ಕತ್ತಿ ಕೂಡಿಡುವ ಹುಚ್ಚು. ಯುದ್ಧಕ್ಕೆ ಹೋಗಿಬಂದವರ ಮನೆಗಳಿಂದ, ಬಿಳಿಯ ದೊರೆಗಳು ಬಿಟ್ಟುಹೋದ ಬಂಗಲೆಗಳಿಂದ ಕೊಂಡು ತಂದ ಕತ್ತಿಗಳು ಎರಡು ಬೀರು ತುಂಬ ಇದ್ದವು. ಬೇರೆ ಸಂಗ್ರಾಹಕರೂ ಇವರ ಮಾತು ಕೇಳಿಯೇ ಕೊಳ್ಳುತ್ತಿದ್ದರು. ನಾನು ಸೇರಿದ ಎರಡನೇ ವರ್ಷ ಅವರಿಗೆ ಕಣ್ಣು ಮಂಜಾಯಿತು. "ಲಲಿತಾ, ನನ್ ಕಣ್ಣು ಹೋಯ್ತು, ನಿನ್ ಕಣ್ಣು ಕೊಡು. ಕೈ ನಂದೇ ಐತೆ" ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

ಮೊದಮೊದಲು ನನಗೆ ಅಲಗು ಎಂದರೇ ಹೆದರಿಕೆ. ಬಟ್ಟೆ ಬಿಚ್ಚುವಾಗಲೇ ಬೆರಳು ಬೆವರುತ್ತಿತ್ತು. ಇದು ತರಕಾರಿ ಹೆಚ್ಚಲು ಮಾಡಿದ್ದಲ್ಲ, ಯಾರದೋ ಹೊಟ್ಟೆಗೆ ಮಾಡಿದ್ದು ಎನ್ನುವುದು ಕೈಗೆ ಗೊತ್ತಾಗುತ್ತದೆ. ಶಾಂತಪ್ಪನವರು ಅದಕ್ಕೆ ನಗುತ್ತಿರಲಿಲ್ಲ. "ಹೆದ್ರಿಕೆ ಇರ್ಲಿ. ಮೊದ್ಲು ಕೈಯಾಗೆ ತೂಗು. ಆಮೇಲೆ ಒರೆಗೆ ಹಾಕಿ ನೋಡು. ಕೊನೇಲಿ ಹಿಡಿ ಬಿಚ್ಚು. ತಿದ್ದೋನು ಕಾಣೋ ಕಡೆ ಎಲ್ಲಾ ಚೆಂದ ಮಾಡಿರ್ತಾನೆ, ಹಿಡಿ ಮರದ ಒಳಗಡೆ ಮಾತ್ರ ಮರ್ತಿರ್ತಾನೆ" ಎನ್ನುತ್ತಿದ್ದರು.

ಅಲಗನ್ನು ಕತ್ತರಿಸಿದ್ದರೆ ತೂಕ ಹಿಡಿಯ ಕಡೆಗೆ ಜಗ್ಗುತ್ತದೆ. ಬೇರೆ ಒರೆ ಹಾಕಿದ್ದರೆ ಒಳಗೆ ಗಲಗಲ ಎನ್ನುತ್ತದೆ. ಅಲಗಿನ ನಡುವೆ ಉದ್ದಕ್ಕೆ ಒಂದು ತಗ್ಗು ಇರುತ್ತದೆ, ನಾವು ಅದಕ್ಕೆ ಕಾಲುವೆ ಎನ್ನುತ್ತಿದ್ದೆವು. ಸಾಮಾನ್ಯವಾಗಿ ಅದು ಮೊನೆಗೆ ಮೂರು ನಾಲ್ಕು ಬೆರಳು ಇರುವಾಗಲೇ ಮುಗಿಯುತ್ತದೆ. ಮೊನೆಯವರೆಗೂ ಹರಿದಿದ್ದರೆ ಯಾರೋ ಮುಂದಿನ ತುಂಡು ತೆಗೆದಿದ್ದಾರೆ ಎಂದು ಲೆಕ್ಕ. ತಿದ್ದಿದ್ದೆಲ್ಲ ಮೋಸವೂ ಅಲ್ಲ. ಅಲಗು ಒಂಬತ್ತು ಅಂಗುಲ ಮೀರಿದರೆ ಪರವಾನಗಿಯ ರಗಳೆ ಎಂದು ಕತ್ತರಿಸಿದವರಿದ್ದಾರೆ. ತೋಟದಲ್ಲಿ ಬಳ್ಳಿ ಸವರಲು ಬೇಕೆಂದು ಕತ್ತರಿಸಿದವರಿದ್ದಾರೆ. ಸಿಪಾಯಿಯೇ ತನ್ನ ಅನುಕೂಲಕ್ಕೆ ಕತ್ತರಿಸಿಕೊಂಡಿದ್ದೂ ಉಂಟು. ಯಾರು ತಿದ್ದಿದರು, ಯಾವಾಗ, ಯಾತಕ್ಕೆ, ಈ ಮೂರೂ ಗೊತ್ತಾಗುವ ತನಕ ಬಾಯಿ ಬಿಡಬೇಡ ಎಂದು ಯಜಮಾನರು ಹೇಳಿಕೊಟ್ಟಿದ್ದರು.

ನನ್ನ ಕೈಯಿಂದಾದ ಮೊದಲ ತಪ್ಪು ಒಂದು ಕುಕ್ರಿಯದು. ಆಲೂರಿನಿಂದ ಒಬ್ಬ ಹೆಂಗಸು ತೀರಿಹೋದ ತನ್ನ ತಂದೆಯ ಕುಕ್ರಿ ತಂದುಕೊಟ್ಟು, ನೋಡಿಡಿ, ವಾರ ಬಿಟ್ಟು ಬರ್ತೀನಿ ಎಂದು ಹೋದಳು. ಚೆನ್ನಾಗಿ ಕಾಣಲಿ ಎಂದು ನಾನು ಉಪ್ಪುಕಾಗದ ಹಾಕಿ ಉಜ್ಜಿ ಕನ್ನಡಿಯ ಹಾಗೆ ಮಾಡಿಟ್ಟೆ. ಅವಳು ಬಂದು ಅಲಗಿನ ಬುಡವನ್ನು ಬೆರಳಿನಿಂದ ಸವರಿದಳು. ಮತ್ತೆ ಸವರಿದಳು. "ಇಲ್ಲಿ ನಮ್ಮಪ್ಪ ಮೊಳೇಲಿ ಹೆಸ್ರು ಕೊರ್ದಿದ್ರು" ಎಂದಳು. ಬೈಯಲಿಲ್ಲ. ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಅವತ್ತು ಶಾಂತಪ್ಪನವರು ಹೇಳಿದ್ದು ಒಂದೇ ಮಾತು: "ತುಕ್ಕೂ ಸಾಕ್ಷಿ ಕಣಮ್ಮ. ಸಾಕ್ಷಿನ ತೊಳೀಬಾರ್ದು."

ಆಮೇಲಿನದು ಹೊರಗಿನಿಂದ ಬಂದ ಭಯ. ನನ್ನ ಎಂಟನೇ ವರ್ಷ ಒಬ್ಬ ವ್ಯಾಪಾರಿ ಮೂರು ಬಾಕು ತಂದ. ಚರ್ಮ ಸುತ್ತಿದ ಹಿಡಿ, ಕಪ್ಪು ಹಿಡಿದ ಅಲಗು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಕಂದಕದೊಳಗಿನ ಕೈಕಾಳಗಕ್ಕೆ ಬಳಸಿದ್ದು ಎಂದ. ಕೊಳ್ಳಲು ಬಂದ ಇಬ್ಬರು ಸಂಗ್ರಾಹಕರು ಅಲ್ಲೇ ಕೂತಿದ್ದರು. ಭೂತಗನ್ನಡಿ ಹಿಡಿದು ನೋಡಿದೆ. ಬಯೊನೆಟ್ಟನ್ನು ಬಂದೂಕಿನ ಬಾಯಿಗೆ ಸಿಕ್ಕಿಸಲು ಹಿಡಿಯ ಮೇಲೊಂದು ಬಳೆ ಇರುತ್ತದೆ. ಅದನ್ನು ಅರದಿಂದ ತೇಯ್ದ ಗುರುತು ಚರ್ಮದ ಅಂಚಿನಲ್ಲಿ ಇಣುಕುತ್ತಿತ್ತು. ಮೂಗಿನ ಹತ್ತಿರ ಹಿಡಿದೆ. ಕೊಳೆತ ಕಾಫಿ ಸಿಪ್ಪೆಯ ಹುಳಿ ವಾಸನೆ. ಬಯೊನೆಟ್ಟು ಕತ್ತರಿಸಿ ಬಾಕು ಮಾಡಿ, ಹಳೆಯದಾಗಿ ಕಾಣಲೆಂದು ತಿಂಗಳುಗಟ್ಟಲೆ ಸಿಪ್ಪೆಗುಂಡಿಯಲ್ಲಿ ಹೂತಿದ್ದರು. ಕಬ್ಬಿಣ ಕಪ್ಪಾಗಿತ್ತು, ಚರ್ಮ ಮಾತ್ರ ವಾಸನೆಯನ್ನು ಬಿಟ್ಟಿರಲಿಲ್ಲ. ಅವರೆಲ್ಲರ ಎದುರಿಗೇ ಹೇಳಿದೆ. ಆತ ನಕ್ಕು, ಮೂರನ್ನೂ ಪೇಪರಿನಲ್ಲಿ ಸುತ್ತಿಕೊಂಡು ಎದ್ದ.

ಮರುದಿನ ಸಂಜೆ ನಾಲ್ಕೂವರೆ ಬಸ್ಸಿನಲ್ಲಿ ಊರಿಗೆ ಹೊರಟಾಗ ಅವನು ನನ್ನ ಹಿಂದಿನ ಸೀಟಿನಲ್ಲಿದ್ದ. ಬಸ್ಸು ಹೊರಟ ಮೇಲೆ ಕಿವಿಯ ಹತ್ತಿರ ಬಗ್ಗಿ, "ಮೂಗು ಬಾಳ ಚುರುಕು ಕಣಮ್ಮ ನಿಮ್ದು" ಎಂದ. ಅಷ್ಟೇ. ಆಮೇಲೆ ಮಾತಿಲ್ಲ. ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುವ ಸದ್ದು ಮಾತ್ರ ನನ್ನ ಕತ್ತಿನ ಹಿಂದೆ. ಕಟಕ್, ಕಟಕ್. ನಾನು ಇಳಿದ ಕಡೆ ಇಳಿದ. ನಾನು ಮನೆಯ ದಾರಿ ಹಿಡಿದಾಗ ಅಲ್ಲೇ ನಿಂತು ನೋಡಿದ. ಹೀಗೆ ನಾಲ್ಕು ದಿನ. ಏನೂ ಮಾಡಲಿಲ್ಲ, ಏನೂ ಅನ್ನಲಿಲ್ಲ. ಯಾರ ಹತ್ತಿರ ಏನೆಂದು ದೂರುವುದು? ಬಸ್ಸಿನಲ್ಲಿ ಅಡಿಕೆ ಕತ್ತರಿಸಿದ ಎಂದೇ? ಮನೆಯಲ್ಲಿ ಹೇಳಿದರೆ ಕೆಲಸ ಬಿಡಿಸುತ್ತಾರೆ.

ಐದನೇ ದಿನ ಶಾಂತಪ್ಪನವರಿಗೆ ಹೇಳಿದೆ. ಅವರು ಏನೂ ಕೇಳದೆ ಅಂಗಡಿಯ ಬಾಗಿಲು ಎಳೆದು, ಊರುಗೋಲು ಹಿಡಿದು ನನ್ನ ಜೊತೆ ಬಸ್ಸು ಹತ್ತಿದರು. ಅವನ ಪಕ್ಕದಲ್ಲೇ ಕೂತರು. ಆಲೂರು ಬರುವ ಮೊದಲೇ ಅವನು ಇಳಿದುಹೋದ. ಮತ್ತೆ ಕಾಣಲಿಲ್ಲ. ಏನಂದಿರಿ ಎಂದು ಕೇಳಿದೆ. "ಏನಿಲ್ಲ. ಒಂದೋಳು ಅಡಿಕೆ ಕೊಡು ಮಾರಾಯ ಅಂದೆ. ಕೊಟ್ಟ. ಅಗೀತಾ ಅವನ ಮುಖನೇ ನೋಡ್ತಾ ಕೂತೆ. ನಂಗೆ ಕಣ್ಣು ಕಾಣಲ್ಲ ಅಂತ ಅವನಿಗೇನು ಗೊತ್ತು" ಎಂದರು.

ಆ ಸುದ್ದಿ ಸಂಗ್ರಾಹಕರ ನಡುವೆ ಹರಡಿತು. ಹೆಂಗಸು ಮೂಸಿ ನೋಡಿ ನಕಲಿ ಹಿಡಿದಳಂತೆ ಎಂದು ಮಾತಾಯಿತು. ಗೊತ್ತಿಲ್ಲದೆ ನನ್ನ ತಲೆಗೂ ಅದು ಏರಿತು. ಅಲ್ಲಿಂದ ಒಂದು ವರ್ಷಕ್ಕೆ ಸರಿಯಾಗಿ ವನಗೂರು ಕಡೆಯ ಬಸವೇಗೌಡರ ಎಸ್ಟೇಟಿನಿಂದ ಜೀಪು ಬಂತು.

ಗೌಡರಿಗೆ ಎಪ್ಪತ್ತರ ಮೇಲೆ. ಎತ್ತರದ ಆಳು, ಮಾತು ಕಡಿಮೆ, ಕೋಪ ಜಾಸ್ತಿ ಎಂದು ಹೆಸರು. ಅವರ ತಂದೆ ಬರ್ಮಾದ ಯುದ್ಧಕ್ಕೆ ಹೋಗಿಬಂದವರು. ಅವರು ತಂದ ಬಯೊನೆಟ್ಟು ಬಂಗಲೆಯ ನಡುಮನೆಯ ಗೋಡೆಯ ಮೇಲಿತ್ತು. ಅದನ್ನು ನೋಡಲು ನಿವೃತ್ತ ಸೇನಾಧಿಕಾರಿಯೊಬ್ಬರು ಬರುವವರಿದ್ದರು. ಅವರ ಮುಂದೆ ಇಡುವ ಮೊದಲು ಇದು ಅಸಲಿ ಎಂದು ಒಂದು ಕಾಗದ ಬೇಕಿತ್ತು. ಶಾಂತಪ್ಪನವರಿಗೆ ಗುಡ್ಡದ ದಾರಿಯ ಜೀಪು ಆಗದು. ನಾನೊಬ್ಬಳೇ ಹೋದೆ.

ಕಾಫಿ ಕುಯ್ಲಿನ ಕಾಲ. ಕಣದಲ್ಲಿ ಹಣ್ಣು ಹರವಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪುಟ್ಟಸ್ವಾಮಿ ನನ್ನನ್ನು ಬಂಗಲೆಗೆ ಕರೆದೊಯ್ದ. ಐವತ್ತರ ಸಣಕಲು ಮನುಷ್ಯ, ಕಿವಿಯ ಮೇಲೆ ಪೆನ್ನು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಇಪ್ಪತ್ತೆರಡು ವರ್ಷದಿಂದ ಸ್ಟೋರು, ಬಂಗಲೆ ಎರಡರ ಕೀಲಿಯೂ ಅವನ ಹತ್ತಿರವೇ ಇರುವುದೆಂದು ದಾರಿಯಲ್ಲಿ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಗೌಡರು ಬಯೊನೆಟ್ಟನ್ನು ತಾವೇ ಇಳಿಸಿ ಮೇಜಿನ ಮೇಲಿಟ್ಟರು. "ಒರೆ ಮೊದ್ಲಿಂದ್ಲೂ ಇಲ್ಲ. ನಮ್ಮಪ್ಪ ಇದನ್ನ ಎತ್ತಿ ತೋರ್ಸಿದ್ದು ನಂಗಿನ್ನೂ ಕಣ್ಣಿಗೆ ಕಟ್ಟಿದಂಗೈತೆ. ನನ್ ತೋಳುದ್ದ ಇತ್ತು. ಈಚೀಚೆಗೆ ಯಾಕೋ ಗಿಡ್ಡ ಕಾಣ್ತದೆ" ಎಂದರು.

ಅವರ ತೋಳು ನೋಡಿದೆ. ಅಲಗು ನೋಡಿದೆ. ಅದು ಅವರ ಮೊಣಕೈಯಿಂದ ಅಂಗೈವರೆಗೂ ಬರುವ ಹಾಗಿರಲಿಲ್ಲ. ಕೈಯಲ್ಲಿ ತೂಗಿದರೆ ತೂಕ ಹಿಡಿಯ ಕಡೆಗೆ ಜಗ್ಗಿತು. ಕಾಲುವೆ ಮೊನೆಯವರೆಗೂ ಹರಿದಿತ್ತು. ಮೊನೆಯ ಹತ್ತಿರ ಹೊಚ್ಚಹೊಸ ಗೀರುಗಳು ಬೆಳ್ಳಗೆ ಮಿಂಚುತ್ತಿದ್ದವು. ನನಗೆ ಎಲ್ಲವೂ ಕೂಡಿಬಂದಂತೆ ಕಂಡಿತು. ಆದರೂ ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ತೆಗೆದೆ. ಹಿಡಿಯ ಮರವನ್ನು ಬಿಗಿದಿರುವುದು ಎರಡೇ ತಿರುಪು.

"ಬಿಚ್ಚಬ್ಯಾಡಮ್ಮ. ಅದು ನಮ್ಮಪ್ಪನ ಕೈ ಹಿಡಿದ ಮರ" ಎಂದರು ಗೌಡರು.

ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡೆ. ಹಾಗಾದರೆ ನಾನು ಹೇಳಲಾರೆ ಎನ್ನಬೇಕಿತ್ತು. ಜೀಪು ಕಳಿಸಿ ಕರೆಸಿದ್ದಾರೆ, ಹೇಳಲಾರೆ ಎಂದರೆ ನನ್ನ ಹೆಸರೇನಾಗುತ್ತದೆ ಎನಿಸಿತು. "ಇದನ್ನು ಕತ್ತರಿಸಿದಾರೆ ಗೌಡ್ರೇ. ಸಾಣೆ ಹಿಡಿದ ಗೀರು ಹೊಸದು. ಒಂದು ವರ್ಷದೊಳಗೆ ಆಗಿರೋ ಕೆಲಸ" ಎಂದೆ.

ಗೌಡರು ಬಾಗಿಲ ಕಡೆ ತಿರುಗಿ, "ಪುಟ್ಸಾಮಿ" ಎಂದರು. ದನಿ ಎತ್ತರಿಸಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

ಪುಟ್ಟಸ್ವಾಮಿ ಬಂದು ಬಾಗಿಲಲ್ಲಿ ನಿಂತ.

"ಇದಕ್ಕೆ ಕೈ ಹಾಕಿದೋರು ಯಾರು?"

"ತುಕ್ಕು ಹಿಡಿದೈತೆ, ಉಜ್ಜಿಡು ಅಂತ ನೀವೇ ಹೇಳಿದ್ರಲ್ಲ ಅಯ್ಯ. ಹೋದ ತಿಂಗ್ಳು ಉಪ್ಪುಕಾಗ್ದ ಹಾಕಿ ಒಂದು ಮೈ ಉಜ್ದೆ."

"ಕತ್ತರಿಸಿದ್ದು?"

"ಕತ್ತರಿಸಿಲ್ಲ ಅಯ್ಯ. ನಾನ್ಯಾಕೆ ಕತ್ತರಿಸ್ಲಿ?"

"ಮುರ್ದಾಕಿ, ಗೊತ್ತಾಗ್ದಂಗೆ ಸಾಣೆ ಹಿಡಿಸಿದಿಯ. ಇಲ್ಲಾ, ಉದ್ದದ್ದು ಯಾರಿಗೋ ಮಾರ್ಕಂಡು ಗಿಡ್ಡದ್ದು ತಂದು ನೇತಾಕಿದಿಯ. ಕೀಲಿ ಇರೋದು ನಿನ್ನೊಬ್ನ ತಾವ್ಲೇ ಅಲ್ವಾ? ಇವ್ರೇನು ಸುಳ್ಳು ಹೇಳಾಕೆ ಅಷ್ಟು ದೂರದಿಂದ ಬಂದವ್ರಾ?"

ಪುಟ್ಟಸ್ವಾಮಿ ನನ್ನ ಮುಖ ನೋಡಿದ. ಉಪ್ಪುಕಾಗದದ ಗೀರೂ ಸಾಣೆಯ ಗೀರೂ ಬೇರೆ ಬೇರೆ ಎನ್ನುವುದು ನನಗೆ ಗೊತ್ತಿತ್ತು. ಆಗಲೇ ಭೂತಗನ್ನಡಿ ತೆಗೆದು ಇನ್ನೊಮ್ಮೆ ನೋಡಬಹುದಿತ್ತು. ಅಲಗನ್ನು ಮಗುಚಿ ಇನ್ನೊಂದು ಮೈ ನೋಡಬಹುದಿತ್ತು. ಗೌಡರ ಕೈ ಬಯೊನೆಟ್ಟಿನ ಹಿಡಿಯ ಮೇಲಿತ್ತು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ನಾನು ಸುಮ್ಮನಿದ್ದೆ.

ಪುಟ್ಟಸ್ವಾಮಿ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟ. ಕಿವಿಯ ಮೇಲಿದ್ದ ಪೆನ್ನನ್ನೂ ತೆಗೆದು ಅದರ ಪಕ್ಕದಲ್ಲಿಟ್ಟ. ಹೊರಟುಹೋದ.

ಸಂಜೆ ಅಂಗಡಿಗೆ ಬಂದು ಶಾಂತಪ್ಪನವರಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ. "ಹಿಡಿ ಬಿಚ್ಚಿದ್ಯಾ?"

"ಗೌಡ್ರು ಬಿಡ್ಲಿಲ್ಲ."

ಅವರು ಎದ್ದು, ಎರಡನೇ ಬೀರುವಿನ ತಳದಲ್ಲಿ ತಡಕಾಡಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಒಂದು ಬಯೊನೆಟ್ಟು ತೆಗೆದುಕೊಟ್ಟರು. ಗಿಡ್ಡ ಅಲಗು. ಕಾಲುವೆ ಮೊನೆಯವರೆಗೂ ಹರಿದಿತ್ತು.

"ಇದನ್ನ ಯಾರು ಕತ್ತರಿಸಿದ್ದು ಹೇಳು."

ನಾನು ಅದನ್ನು ಎರಡೂ ಕಡೆ ಮಗುಚಿ ನೋಡಿದೆ.

"ಸರ್ಕಾರನೇ ಕತ್ತರಿಸಿದ್ದು. ಕಾಡ್ನಾಗೆ ಕಾದಾಡಾಕೆ ಉದ್ದದ್ದು ಬಳ್ಳಿಗೆ ಸಿಕ್ಕೊಳ್ತಿತ್ತು. ಅದಕ್ಕೆ ಯುದ್ಧದ ಕಾಲ್ದಲ್ಲೇ ನಮ್ ದೇಶದ ಕಾರ್ಖಾನೆನಾಗೆ ಉದ್ದದ್ದೆಲ್ಲ ಗಿಡ್ಡ ಮಾಡಿ, ಕರೀ ಬಣ್ಣ ಹೊಡ್ದು, ಮತ್ತೆ ಮುದ್ರೆ ಒತ್ತಿ ಕೊಟ್ರು. ಬರ್ಮಾಕ್ಕೆ ಹೋದೋರ ಕೈಯಾಗೆ ಇಂಥದ್ದೂ ಇದ್ವು. ಬಾಳ ಸಿಗಾಕಿಲ್ಲ. ಇದೊಂದೇ ನನ್ ತಾವ ಇರೋದು. ನಿಂಗೆ ತೋರ್ಸೋದು ಮರ್ತಿದ್ದೆ, ಅದು ನನ್ ತಪ್ಪು. ಕಾಣದೆ ಹೇಳಿದ್ದು ನಿನ್ನ ತಪ್ಪು."

ಎಸ್ಟೇಟಿಗೆ ಫೋನು ಮಾಡಿದೆ. ಗೌಡರೇ ತೆಗೆದರು. "ಅವ್ನು ಹೋಗ್ಬುಟ್ಟ. ಹೋಗ್ಲಿ ಬುಡು" ಎಂದರು. ನನ್ನ ತಪ್ಪಾಗಿರಬಹುದು ಎನ್ನಲು ಬಾಯಿ ತೆರೆದೆ. "ನಾಳೆ ಬರ್ತೀನಿ ಗೌಡ್ರೇ, ಇನ್ನೊಂದ್ಸಲ ನೋಡ್ಬೇಕು" ಎಂದಷ್ಟೇ ಹೇಳಿ ಇಟ್ಟೆ. ಹಿಡಿ ಬಿಚ್ಚದೆ ಮಾತಾಡಿದ್ದು ಒಂದು ತಪ್ಪಾದರೆ ಈ ಫೋನು ಇನ್ನೊಂದು. ಮೊದಲನೆಯದಕ್ಕಿಂತ ಇದೇ ದೊಡ್ಡದೆಂದು ನನಗೆ ಈಗಲೂ ಅನಿಸುತ್ತದೆ. ಅವತ್ತೇ ಹೇಳಿದ್ದರೆ ಗೌಡರು ಅವತ್ತೇ ಅವನನ್ನು ಹುಡುಕಿಸುತ್ತಿದ್ದರು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ವನಗೂರಿನಿಂದ ಬಾಡಿಗೆ ಜೀಪು ಹತ್ತಿ ಎಸ್ಟೇಟು ತಲುಪಿದೆ. ಕಣದಲ್ಲಿ ಯಾರೂ ಇರಲಿಲ್ಲ. ಹರವಿದ ಹಣ್ಣು ಹಾಗೇ ಬಿದ್ದಿತ್ತು. ಆಳುಗಳ ಲೈನು ಮನೆಗಳ ಹತ್ತಿರ ಒಬ್ಬ ಹೆಂಗಸು ಬಾಗಿಲಲ್ಲಿ ಕೂತಿದ್ದಳು. ಪುಟ್ಟಸ್ವಾಮಿಯ ಹೆಂಡತಿ ಜಯಮ್ಮ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ನಿನ್ನೆ ಮಧ್ಯಾಹ್ನ ಹೋದೋರು ಬಂದಿಲ್ಲ ಕಣಕ್ಕ. ಕೆರೆ ತಾವ ಚಪ್ಲಿ ಸಿಕ್ಕದೆ. ಎಲ್ಲಾ ಅಲ್ಲೇ ಹೋಗವ್ರೆ. ನನ್ ಕಾಲು ಎದ್ದೇಳ್ತಿಲ್ಲ" ಎಂದಳು.

ನಾನು ಕೆರೆಯ ಏರಿಯವರೆಗೆ ಹೋದೆ. ತೋಟಕ್ಕೆ ನೀರು ಹಾಯಿಸುವ ಆಳವಾದ ಕೆರೆ ಅದು. ಸವೆದ ಒಂದು ಜೊತೆ ಚಪ್ಪಲಿ ಏರಿಯ ಮೇಲೆ ಅಕ್ಕಪಕ್ಕ ನೀಟಾಗಿ ಇತ್ತು. ಇಬ್ಬರು ಆಳುಗಳು ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಎಸೆದು ಎಳೆಯುತ್ತಿದ್ದರು. ಪ್ರತಿ ಸಲ ಕೊಕ್ಕೆಗೆ ಏನೋ ಸಿಕ್ಕಿ ಹಗ್ಗ ಬಿಗಿಯಾಗುತ್ತಿತ್ತು. ಬಳ್ಳಿ ಬರುತ್ತಿತ್ತು, ಕೊಳೆತ ಕೊಂಬೆ ಬರುತ್ತಿತ್ತು. ಒಂದು ಸಲ ಬಟ್ಟೆ ಬಂತು. ನಾನು ಕಣ್ಣು ಮುಚ್ಚಿದೆ. ಹಳೆಯ ಗೋಣಿಚೀಲ ಎಂದು ಯಾರೋ ಹೇಳಿದ ಮೇಲೆ ಕಣ್ಣು ಬಿಟ್ಟೆ.

ಗೌಡರು ಮರಕ್ಕೆ ಒರಗಿ ನಿಂತಿದ್ದರು. ಹತ್ತಿರ ಹೋದೆ. "ಗೌಡ್ರೇ, ನಿನ್ನೆ ನಾನು ಹಿಡಿ ಬಿಚ್ಚಿ ನೋಡದೆ ಹೇಳ್ದೆ. ಈಗ ಬಿಚ್ಚಬೇಕು" ಎಂದೆ.

ಅವರು ನನ್ನನ್ನು ನೋಡಿದ ರೀತಿ ಹೇಳಲಾರೆ. "ಬಾ" ಎಂದರು.

ನಡುಮನೆಯ ಮೇಜಿನ ಮೇಲೆ ಬಯೊನೆಟ್ಟೂ ಕೀಲಿಗೊಂಚಲೂ ಪೆನ್ನೂ ಇಟ್ಟಲ್ಲೇ ಇದ್ದವು. ತಿರುಪಿಗೆ ಇಟ್ಟ ಸ್ಕ್ರೂಡ್ರೈವರ್ ಜಾರಿತು. ಮರದ ಮೇಲೆ ಒಂದು ಗೀರು ಬಿತ್ತು. ಎರಡು ತಿರುಪೂ ಬಿಚ್ಚಿ ಮರ ತೆಗೆದೆ. ಒಳಗೆ ಹಳೆಯ ಗ್ರೀಸು ಗಟ್ಟಿಯಾಗಿ ಅಂಟಿನ ಹಾಗೆ ಕೂತಿತ್ತು. ಎಷ್ಟೋ ಕಾಲದಿಂದ ಯಾರೂ ಮುಟ್ಟಿರಲಿಲ್ಲ. ಬಟ್ಟೆಯಿಂದ ಒತ್ತಿ ತೆಗೆದಾಗ ಕಬ್ಬಿಣದ ಮೇಲೆ ಕಾರ್ಖಾನೆಯ ಎರಡನೇ ಮುದ್ರೆ ಕಂಡಿತು, ಶಾಂತಪ್ಪನವರ ಬಯೊನೆಟ್ಟಿನಲ್ಲಿದ್ದದ್ದೇ. ಅಲಗನ್ನು ಮಗುಚಿದೆ. ಪುಟ್ಟಸ್ವಾಮಿ ಉಜ್ಜದೆ ಬಿಟ್ಟ ಮೈಯಲ್ಲಿ ಸೈನ್ಯದ ಕರಿಬಣ್ಣ ಇನ್ನೂ ಉಳಿದಿತ್ತು. ಬಣ್ಣ ಕಾಲುವೆಯಲ್ಲಿ ಹರಿದು, ಮೊನೆಯನ್ನು ದಾಟಿ, ಅಂಚಿನ ಮೇಲೂ ಹತ್ತಿತ್ತು. ಅಂದರೆ ಕತ್ತರಿಸಿದ ಮೇಲೆ ಬಣ್ಣ ಹೊಡೆದದ್ದು. ನಿನ್ನೆ ನಾನು ಮೊನೆಯಲ್ಲಿ ಕಂಡದ್ದು ಬರೀ ಉಪ್ಪುಕಾಗದದ ಗೀರು.

"ಇದು ನಿಮ್ಮ ತಂದೆಯವರ ಕೈಗೆ ಬಂದಾಗ್ಲೇ ಇಷ್ಟೇ ಉದ್ದ ಇತ್ತು. ಪುಟ್ಟಸ್ವಾಮಿ ಸತ್ಯ ಹೇಳಿದ್ರು. ನಾನು ತಪ್ಪು ಹೇಳಿದೆ" ಎಂದೆ.

ಗೌಡರು ಮರವಿಲ್ಲದ ಆ ಬರಿ ಕಬ್ಬಿಣವನ್ನು ಕೈಗೆತ್ತಿಕೊಂಡು ನನ್ನ ಎದುರಿಗೆ ನಿಂತರು. ಬಾಗಿಲು ಅವರ ಬೆನ್ನ ಹಿಂದಿತ್ತು. ಆ ಗಳಿಗೆಯಲ್ಲಿ ನಾನು ಮನೆಯವರನ್ನು, ಮಕ್ಕಳನ್ನು ನೆನೆಸಿಕೊಂಡೆ. ಇದು ಸುಳ್ಳಲ್ಲ.

ಅವರು ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಅಲಗನ್ನು ತಮ್ಮ ತೋಳಿನ ಪಕ್ಕ ಹಿಡಿದು ನೋಡಿದರು. "ನನ್ ತೋಳುದ್ದ ಇತ್ತು ಅಂದೆ ಅಲ್ವಾ ನಾನು. ಆಗ ನಂಗೆ ಆರೋ ಏಳೋ ವರ್ಷ. ಆಗ ನನ್ ತೋಳು ಎಷ್ಟಿತ್ತು?" ಎಂದರು. ನನ್ನನ್ನು ಕೇಳಿದಂತಿರಲಿಲ್ಲ. ಅಲಗನ್ನು ಮೇಜಿನ ಮೇಲಿಟ್ಟು, "ಬಿಚ್ಚಬ್ಯಾಡ ಅಂದೋನೂ ನಾನೇ" ಎಂದರು. ಎದ್ದು ಕೆರೆಗೆ ಹೋಗಿ, ಆಳಿನ ಕೈಯಿಂದ ಹಗ್ಗ ಇಸಿದುಕೊಂಡು ತಾವೇ ಎಸೆಯತೊಡಗಿದರು. ಬೇಡ ಎಂದರೂ ಬಿಡಲಿಲ್ಲ.

ಹನ್ನೆರಡು ಗಂಟೆಯ ಹೊತ್ತಿಗೆ ಬಂಗಲೆಯ ಅಡುಗೆಯವಳು ಓಡೋಡಿ ಬಂದಳು. ಬೆಳಗೋಡಿನಿಂದ ಫೋನು. ಪುಟ್ಟಸ್ವಾಮಿಯ ಅಕ್ಕನ ಮನೆಯವರು ಮಾಡಿದ್ದು. ಆತ ಬೆಳಿಗ್ಗೆ ಬರಿಗಾಲಲ್ಲಿ ಬಂದು ಜಗಲಿಯ ಮೇಲೆ ಕೂತಿದ್ದಾನೆ, ಏನು ಕೇಳಿದರೂ ಮಾತಾಡುತ್ತಿಲ್ಲ ಎಂದು. ಗೌಡರ ಕೈಯಿಂದ ಹಗ್ಗ ಜಾರಿ ನೀರಿಗೆ ಬಿತ್ತು. ಏರಿಯ ಮೇಲೆ ಯಾರೋ ಜೋರಾಗಿ ಅತ್ತರು. ಅದು ನಾನೇ ಎಂದು ಆಮೇಲೆ ತಿಳಿಯಿತು.

ಗೌಡರು, ಜಯಮ್ಮ, ನಾನು ಜೀಪಿನಲ್ಲಿ ಬೆಳಗೋಡಿಗೆ ಹೋದೆವು. ಚಪ್ಪಲಿಯನ್ನು ಜಯಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಕತ್ತಿ ನೋಡಿದವಳು ನಾನೇ ಎಂದು ದಾರಿಯಲ್ಲಿ ಅವಳಿಗೆ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಪುಟ್ಟಸ್ವಾಮಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಕಾಲಿನ ಬೆರಳು ಒಡೆದು ರಕ್ತ ಒಣಗಿತ್ತು. ಜಯಮ್ಮ ಅವನ ಪಕ್ಕದಲ್ಲಿ ಕೂತು ಚಪ್ಪಲಿಯನ್ನು ಕಾಲ ಬಳಿ ಇಟ್ಟಳು. ಗೌಡರು ಅಂಗಳದಲ್ಲೇ ನಿಂತರು. "ತಪ್ಪಾಗೋಯ್ತು ಪುಟ್ಸಾಮಿ. ಬಾ, ಮನೆಗೆ ಹೋಗನ" ಎಂದರು. ಅಂಥ ಮನುಷ್ಯ ಅಂಗಳದಲ್ಲಿ ನಿಂತು ಹಾಗೆ ಅನ್ನುವುದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ.

"ಕೆರೆ ಏರಿ ಮೇಲೆ ಕೂತಿದ್ದೆ ಅಯ್ಯ. ಚಪ್ಲಿ ಬಿಟ್ಟು ನೀರಿಗೆ ಕಾಲಿಟ್ಟೆ. ಬಾಳ ತಣ್ಣಗಿತ್ತು. ಎದ್ದು ಬಂದ್ಬುಟ್ಟೆ" ಎಂದ ಪುಟ್ಟಸ್ವಾಮಿ. ಬರುವುದಿಲ್ಲ ಎಂದು ಹೇಳಲಿಲ್ಲ. ಏಳಲೂ ಇಲ್ಲ.

ನಾನು ಮುಂದೆ ಹೋದೆ. "ಪುಟ್ಟಸ್ವಾಮಣ್ಣ, ಹಿಡಿ ಬಿಚ್ಚಿ ನೋಡದೆ ನಾನು ಮಾತಾಡಿಬಿಟ್ಟೆ. ಇವತ್ತು ಬಿಚ್ಚಿ ನೋಡ್ದೆ. ನಿಮ್ಮದೇನೂ ತಪ್ಪಿಲ್ಲ" ಎಂದೆ.

ಅವನು ತಲೆಯೆತ್ತಿದ. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವವನ ಹಾಗೆ ಕೇಳಿದ: "ಬಿಚ್ಚಾಕೆ ಎಷ್ಟೊತ್ತು ಹಿಡೀತಮ್ಮ?"

"ಐದು ನಿಮಿಷ" ಎಂದೆ.

ಅವನು ತಲೆಯಾಡಿಸಿ ಕೆಳಗೆ ನೋಡಿದ.

ಪುಟ್ಟಸ್ವಾಮಿ ಎಸ್ಟೇಟಿಗೆ ಮರಳಲಿಲ್ಲ. ಗೌಡರು ಮತ್ತೆ ಎರಡು ಸಲ ಹೋಗಿ ಕರೆದರಂತೆ. ಬೆಳಗೋಡಿನಲ್ಲೇ ಒಬ್ಬ ಕಾಫಿ ವ್ಯಾಪಾರಿಯ ಹತ್ತಿರ ತೂಕದ ಕೆಲಸಕ್ಕೆ ಸೇರಿದ. ಸೇನಾಧಿಕಾರಿಗೆ ಗೌಡರು ಬರಬೇಡಿ ಎಂದು ತಿಳಿಸಿದರು. ಬಯೊನೆಟ್ಟನ್ನು ಗೋಡೆಗೆ ಮತ್ತೆ ಹಾಕಲಿಲ್ಲ ಎಂದು ಕೇಳಿದ್ದೇನೆ.

ನಾನು ಕೆಲಸ ಬಿಡುತ್ತೇನೆ ಎಂದೆ. "ಹೆದ್ರಿಕೆ ಇಲ್ದಾಗ ಬಿಟ್ಟಿದ್ರೆ ಒಳ್ಳೇದಿತ್ತು. ಈಗ ನಿಂಗೆ ಹೆದ್ರಿಕೆ ಬಂದೈತೆ. ಈಗ ಕೂತ್ಕೊ" ಎಂದರು ಶಾಂತಪ್ಪನವರು. ಮೂರು ತಿಂಗಳು ನಾನು ಯಾವ ಕತ್ತಿಯ ಬಗ್ಗೆಯೂ ಬಾಯಿ ಬಿಡಲಿಲ್ಲ. ಆಮೇಲೆ ಕೊಟ್ಟ ಪ್ರತಿ ಕಾಗದದಲ್ಲೂ ಏನು ನೋಡಿದೆ ಎನ್ನುವುದರ ಕೆಳಗೆ ಏನು ನೋಡಲಿಲ್ಲ ಎನ್ನುವುದನ್ನೂ ಬರೆದೆ. ಹಿಡಿ ಬಿಚ್ಚಲು ಬಿಡದವರಿಗೆ, ಗೊತ್ತಿಲ್ಲ ಎಂದು ಬರೆದುಕೊಟ್ಟೆ. ಕೆಲವರು ಕಾಗದವನ್ನು ಹರಿದು ಮುಖಕ್ಕೆಸೆದರು. ಈಗ ಎಲ್ಲರೂ ಫೋಟೋ ಕಳಿಸುತ್ತಾರೆ. ಐದು ಫೋಟೋ ನೋಡಿ ಒಂದೇ ಸಾಲಿನ ಉತ್ತರ ಬೇಕು ಎನ್ನುತ್ತಾರೆ. ಫೋಟೋದಲ್ಲಿ ತೂಕವಿಲ್ಲ, ವಾಸನೆಯಿಲ್ಲ, ಇನ್ನೊಂದು ಮೈ ಇಲ್ಲ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಮಾತು ಕೇಳಿಕೊಂಡು ಕತ್ತಿ ತಂದವನು ಮನೆಗೆ ಹೋಗುತ್ತಾನೆ. ಅಲ್ಲಿ ಯಾರು ಬಾಗಿಲಲ್ಲಿ ನಿಂತಿದ್ದಾರೆಂದು ನಿಮಗೆ ಗೊತ್ತಿರುವುದಿಲ್ಲ.

ನಮ್ಮ ಕಾಫಿಯನ್ನು ಮನೆಯವರು ಮೂರು ವರ್ಷದಿಂದ ಬೆಳಗೋಡಿನ ಆ ವ್ಯಾಪಾರಿಗೇ ಹಾಕುತ್ತಿದ್ದಾರೆ. ಅವರ ಜೊತೆ ನಾನೂ ಹೋಗುತ್ತೇನೆ. ಹೋಗದಿರಲು ಆಗುವುದಿಲ್ಲ. ಪುಟ್ಟಸ್ವಾಮಿ ನಮಸ್ಕಾರ ಎನ್ನುತ್ತಾನೆ, ಮಳೆ ಹೇಗೆ ಎಂದು ಕೇಳುತ್ತಾನೆ. ಚೀಲವನ್ನು ತಕ್ಕಡಿಗೆ ಏರಿಸಿ ಅಂಕಿ ನೋಡುತ್ತಾನೆ, ಬರೆಯುವುದಿಲ್ಲ. ಚೀಲ ಇಳಿಸಿ, ತಕ್ಕಡಿ ಸೊನ್ನೆಗೆ ಬಂತೇ ನೋಡಿ, ಮತ್ತೆ ಏರಿಸುತ್ತಾನೆ. ನನಗೊಬ್ಬಳಿಗೇ ಹೀಗೆಯೇ ಎಂದು ಮೊದಲ ವರ್ಷ ನಿಂತು ನೋಡಿದೆ. ಎಲ್ಲರ ಚೀಲವನ್ನೂ ಎರಡು ಸಲ ತೂಗುತ್ತಾನೆ. ಹಿಂದೆ ನಿಂತವರು, ಬೇಗ ಬರೀ ಮಾರಾಯ, ಹೊತ್ತಾಯ್ತು ಎಂದು ಗೊಣಗುತ್ತಾರೆ.

"ಒಂದು ನಿಮಿಷ ಇರಿ, ಇನ್ನೊಂದ್ಸಲ ನೋಡ್ಬುಡ್ತೀನಿ" ಎನ್ನುತ್ತಾನೆ. ಆ ಒಂದು ನಿಮಿಷ ನನ್ನ ಬಾಯಿ ಒಣಗುತ್ತದೆ. ತಕ್ಕಡಿ ನಿಲ್ಲುವ ತನಕ ನಾನು ಅವನ ಕೈಯನ್ನೇ ನೋಡುತ್ತ ನಿಂತಿರುತ್ತೇನೆ.